ಬಾಲ್ಕನಿಯ ಕಾಂಪೋಸ್ಟ್ ಬಿನ್‌ನಲ್ಲಿ ಬಿಳಿ ಹುಳ, ಗುಂಗುರು, ಈಗ ಇಲಿ ಬೇರೆ. ಎಲ್ಲಿ ತಪ್ಪುತ್ತಿದೆ?

ಮೂರನೇ_ಮಹಡಿ:

ಬೆಂಗಳೂರು, ಮೂರನೇ ಮಹಡಿ ಮನೆ, ನಾಲ್ಕು ಜನ. ಒಂದು ವಾರ ತೂಗಿ ನೋಡಿದ ಲೆಕ್ಕದಲ್ಲಿ ಹಸಿ ಕಸ ದಿನಕ್ಕೆ 800 ಗ್ರಾಂ ಆಸುಪಾಸು. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ, ಆಗಾಗ ಮಿಕ್ಕಿದ ಅನ್ನ, ಸಾರು. ಬಾಲ್ಕನಿಯಲ್ಲಿ 20 ಲೀಟರಿನ ಎರಡು ಪ್ಲಾಸ್ಟಿಕ್ ಬಿನ್ ಇವೆ. ಕೆಳಗೆ ನಲ್ಲಿ, ಮೇಲ್ಗಡೆ ಅಂಚಿನ ಹತ್ತಿರ ಒಂದು ಸಾಲು ತೂತು. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹಾಕುತ್ತೇವೆ. 650 ಗ್ರಾಂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ಬಕೆಟ್ ನೀರಲ್ಲಿ ನೆನೆಸಿ ಅರಳಿಸಿಟ್ಟುಕೊಂಡು ಕಸದ ಮೇಲೆ ದಿನಾ ಒಂದು ಹಿಡಿ. ವಾರಕ್ಕೊಂದು ಸಲ ಹುಳಿ ಮಜ್ಜಿಗೆ ಒಂದು ಲೋಟ.

ಈಗಿನ ಪರಿಸ್ಥಿತಿ: ಮುಚ್ಚಳ ತೆಗೆದರೆ ಗುಂಗುರು ಮುಖಕ್ಕೇ ನುಗ್ಗುತ್ತವೆ. ಒಳಗೆ ಬಿಳಿ ಹುಳ, ಜೊತೆಗೆ ಬೂದು ಬಣ್ಣದ ಚಪ್ಪಟೆ ಹುಳ. ಬೂದು ಬಣ್ಣದವು ರಾತ್ರಿ ಹೊರಗೆ ಬಂದು ಬಾಲ್ಕನಿ ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ನಲ್ಲಿಯಲ್ಲಿ ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ. ಇದರ ಮೇಲೆ ಒಂದು ಬಿನ್ನಿನ ತಳದಲ್ಲಿ ಹಲ್ಲಿನ ಗುರುತು, ಪಕ್ಕದಲ್ಲಿ ಇಲಿ ಹಿಕ್ಕೆ.

ಪಕ್ಕದ ಮನೆಯವರು ಫಿನೈಲ್ ಸುರೀರಿ ಅಂತಾರೆ. ಮನೆಯಲ್ಲಿ ಇದೆಲ್ಲ ಬಿಟ್ಟು ಕಸದ ಗಾಡಿಗೇ ಕೊಡೋಣ ಅನ್ನೋ ಮಾತು ಶುರುವಾಗಿದೆ. ಗೊತ್ತಿರುವವರು ಹೇಳಿ.

ಎಲೆಗೊಬ್ಬರ:

ಮೊದಲು ಫಿನೈಲ್ ಬಾಟಲಿ ಎತ್ತಿಡಿ. ಅದು ಕಸ ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತೆ, ಆಮೇಲೆ ಆ ಗೊಬ್ಬರ ಗಿಡಕ್ಕೂ ಹಾಕೋ ಹಾಗಿಲ್ಲ. ನೀವು ಬರೆದಿರೋ ಹುಳ, ಗುಂಗುರು, ವಾಸನೆ ಎಲ್ಲಕ್ಕೂ ಮೂಲ ಒಂದೇ, ನೀರು. ಇಲಿ ಮಾತ್ರ ಅನ್ನಕ್ಕೆ ಬಂದಿದೆ.

ಕೊಕೊಪೀಟ್ ಹಾಕೋದು ನೀರು ಹೀರಲಿ ಅಂತ. 650 ಗ್ರಾಂ ಇಟ್ಟಿಗೆಗೆ ಮೂರೂವರೆ ಲೀಟರ್ ನೀರು ಕುಡಿಸಿ ಅರಳಿಸಿದರೆ ಅದರ ಹೊಟ್ಟೆ ತುಂಬಿರುತ್ತೆ, ಇನ್ನೇನು ಹೀರೀತು? ಕುಂಡಕ್ಕೆ ಹಾಕುವವರಿಗೆ ಆ ವಿಧಾನ ಸರಿ, ಗೊಬ್ಬರದ ಬಿನ್ನಿಗೆ ತಪ್ಪು. ಇಟ್ಟಿಗೆ ಮೇಲೆ ಒಂದು ಲೀಟರ್ ಮಾತ್ರ ಚಿಮುಕಿಸಿ ಅರ್ಧ ಗಂಟೆ ಬಿಡಿ, ಕೈಯಲ್ಲಿ ಉದುರಿಸಿ, ಹಳೇ ಬೆಡ್‌ಶೀಟ್ ಮೇಲೆ ಒಂದು ದಿನ ಬಿಸಿಲಿಗೆ ಹರಡಿ. ಮುಟ್ಟಿದರೆ ಬೆರಳಿಗೆ ತಂಪು ತಾಗಬಾರದು.

ಲೆಕ್ಕವನ್ನೂ ನೋಡಿ. ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ 85ರಿಂದ 90 ಭಾಗ ನೀರೇ. ಅಂದರೆ ನಿಮ್ಮ 800 ಗ್ರಾಂನಲ್ಲಿ 700 ಗ್ರಾಂ ನೀರು. ಬಿನ್ನಿನ ತೇವ 50ರಿಂದ 60 ಶೇಕಡಾ ಇರಬೇಕು. ಕಾಗದದ ಮೇಲೆ ಲೆಕ್ಕ ಹಾಕಿದರೆ ಇದಕ್ಕೆ ಸುಮಾರು 450 ಗ್ರಾಂ ಒಣ ಪದಾರ್ಥ ಬೇಕು. ಗಾಳಿ ಆಡುವ ಬಿನ್ನಿನಲ್ಲಿ ದಿನಾ ಒಂದಷ್ಟು ಆವಿಯಾಗಿ ಹೋಗೋದರಿಂದ 200-250 ಗ್ರಾಂಗೆ ನಡೆಯುತ್ತೆ. ಪುಡಿ ಮಾಡಿದ ಒಣ ಎಲೆ ಅಷ್ಟು ತೂಗಬೇಕಾದರೆ ಎರಡು ಲೀಟರ್ ಡಬ್ಬ ತುಂಬಾ ಬೇಕು. ನೀವು ಹಾಕುತ್ತಿರೋದು ಒಂದು ಹಿಡಿ, ಅದೂ ಒದ್ದೆ.

ಬರೀ ಕೊಕೊಪೀಟ್ ಮೇಲೆ ನಿಲ್ಲಬೇಡಿ. ಅದು ನುಣ್ಣಗಿರೋದರಿಂದ ಒದ್ದೆಯಾದ ಕೂಡಲೇ ಅಮರಿ ಕೂತು ಗಾಳಿ ಹೋಗುವ ಸಂದು ಮುಚ್ಚುತ್ತೆ. ಮುಕ್ಕಾಲು ಪಾಲು ಒಣ ಎಲೆ, ಕಾಲು ಪಾಲು ಕೊಕೊಪೀಟ್ ಚೆನ್ನಾಗಿ ಹೊಂದುತ್ತೆ. ಮಜ್ಜಿಗೆ ನಿಲ್ಲಿಸಿ. ಹೊಸ ಬಿನ್ ಶುರು ಮಾಡುವಾಗ ಒಂದು ಸಲ ಸರಿ, ವಾರಾವಾರ ಸುರಿದರೆ ನೀರೂ ಹುಳಿಯೂ ಸೇರಿ ಗುಂಗುರಿಗೆ ಆಹ್ವಾನ ಕೊಟ್ಟ ಹಾಗೆ. ಹದವಾದ ಹಳೇ ಗೊಬ್ಬರ ಎರಡು ಹಿಡಿ ಹಾಕಿದರೆ ಅದಕ್ಕಿಂತ ಒಳ್ಳೆ ಹೆಪ್ಪು ಬೇಕಿಲ್ಲ.

ಇನ್ನೊಂದು ತಪ್ಪು ಜಾಗದ್ದು. ಕಸ, ಎಲೆ ಸೇರಿ ದಿನಕ್ಕೆ ಮೂರು ಲೀಟರ್ ಒಳಗೆ ಹೋಗುತ್ತೆ. ಕುಸಿಯೋದನ್ನೆಲ್ಲ ಕಳೆದರೂ 20 ಲೀಟರ್ ಬಿನ್ 10-12 ದಿನಕ್ಕೆ ತುಂಬುತ್ತೆ. ಎರಡನೆಯದೂ ತುಂಬುವ ಹೊತ್ತಿಗೆ ಮೊದಲನೆಯದಕ್ಕೆ ಸಿಕ್ಕ ವಿಶ್ರಾಂತಿ ಹತ್ತೇ ದಿನ. ಗೊಬ್ಬರ ಆಗೋಕೆ ತುಂಬಿದ ಮೇಲೆ ಕಡಿಮೆ ಅಂದರೂ 40 ದಿನ ಬೇಕು. ಹಾಗಾಗಿ ಅರೆಬೆಂದ ಕಸದ ಮೇಲೇ ಮತ್ತೆ ಹಸಿ ಕಸ ಬೀಳುತ್ತಿರಬೇಕು. 50 ಲೀಟರಿನ ಎರಡು ಡ್ರಮ್ ತನ್ನಿ, ಪಕ್ಕಕ್ಕೆ ತೂತು ಕೊರೆಸಿ. ತುಂಬಿದ ಚಿಕ್ಕ ಬಿನ್ನನ್ನು ಹತ್ತು ದಿನ ಬಿಟ್ಟು ಡ್ರಮ್ಮಿಗೆ ಸುರೀರಿ, ಅಷ್ಟರಲ್ಲಿ ಅದು 10 ಲೀಟರಿಗೆ ಇಳಿದಿರುತ್ತೆ. ನಾಲ್ಕು ಸಲ ಸುರಿದರೆ ಒಂದು ಡ್ರಮ್ ತುಂಬಿತು. ಮುಚ್ಚಳದ ಮೇಲೆ ತಾರೀಖು ಬರೆದು ಅದರ ತಂಟೆಗೆ ಹೋಗಬೇಡಿ. ಎರಡನೇ ಡ್ರಮ್ ತುಂಬೋಕೆ 40-45 ದಿನ ಹಿಡಿಯುತ್ತೆ, ಅಷ್ಟರಲ್ಲಿ ಮೊದಲನೆಯದು ತಯಾರು.

ಹುಳುಹುಪ್ಪಟೆ:

ಹುಳ ಅಂದ ಕೂಡಲೇ ಎಲ್ಲವನ್ನೂ ಸಾಯಿಸೋಕೆ ಹೊರಡಬೇಡಿ. ಒಂದನ್ನು ಬಿಳಿ ಕಾಗದದ ಮೇಲೆ ಹಾಕಿ ನೋಡಿ, ಬರಿಗಣ್ಣಿಗೇ ಗೊತ್ತಾಗುತ್ತೆ.

ಬೂದು ಇಲ್ಲವೇ ಕಂದು ಬಣ್ಣ, ಚಪ್ಪಟೆ ಮೈ, ಅಡ್ಡಡ್ಡ ಪಟ್ಟಿ, ಮುಟ್ಟಿದರೆ ಸ್ವಲ್ಪ ಒರಟು, ಬಲಿತಾಗ 2 ಸೆಂ.ಮೀ. ಹತ್ತಿರ ಉದ್ದ. ಇದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಸ ಇಷ್ಟು ಬೇಗ ತಿನ್ನುವ ಹುಳ ಇನ್ನೊಂದಿಲ್ಲ. ದೊಡ್ಡದಾದ ನೊಣ ಕಪ್ಪು ಕಣಜದ ಥರ ಕಾಣುತ್ತೆ, ಆದರೆ ಕಚ್ಚಲ್ಲ, ಊಟದ ತಟ್ಟೆ ಮೇಲೆ ಬಂದು ಕೂರಲ್ಲ. ನಿಮ್ಮ ಬಾಲ್ಕನಿ ಮೂಲೆಗೆ ಹೋಗಿ ಸೇರುತ್ತಿರೋದು ಇವೇ. ತಿನ್ನೋದು ಮುಗಿದ ಮೇಲೆ ಕೋಶ ಕಟ್ಟೋಕೆ ಒಣ, ಕತ್ತಲೆ ಜಾಗ ಹುಡುಕುತ್ತವೆ. ಗುಡಿಸಿ ಕುಂಡದ ಮಣ್ಣಿಗೆ ಹಾಕಿ, ಇಲ್ಲವೇ ಹಕ್ಕಿಗಳಿಗೆ ಬಿಡಿ. ಬಿನ್ ಒಳಗೆ ಒಣಗಿದರೆ ತಾವಾಗೇ ಕಡಿಮೆಯಾಗುತ್ತವೆ.

ಬಿಳಿ ಹುಳದಲ್ಲಿ ಎರಡು ಜಾತಿ. ದಾರದ ತುಂಡಿನ ಹಾಗೆ ತೆಳ್ಳಗೆ, ಒಂದು ಸೆಂ.ಮೀ. ಉದ್ದ, ಗುಂಪುಗುಂಪಾಗಿ ನಿಧಾನಕ್ಕೆ ಹೊರಳುತ್ತಿದ್ದರೆ ಅದು ಎರೆಹುಳದ ಚಿಕ್ಕ ನೆಂಟ. ಅಪಾಯ ಇಲ್ಲ, ಬಿನ್ ಹುಳಿಯಾಗಿದೆ, ಒದ್ದೆಯಾಗಿದೆ ಅನ್ನೋದರ ಗುರುತು ಅಷ್ಟೆ. ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು, ಅಕ್ಕಿಕಾಳಿಗಿಂತ ದಪ್ಪ, ಬೆಳಕು ಬಿದ್ದ ಕೂಡಲೇ ಒಳಗೆ ಕೊರೆದುಕೊಂಡು ಹೋಗುತ್ತಿದ್ದರೆ ಅದು ಮನೆನೊಣದ ಮರಿ. ತೊಂದರೆ ಕೊಡೋದು ಇದೊಂದೇ. ಮೊಟ್ಟೆಯಿಂದ ನೊಣ ಆಗೋಕೆ ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು.

ಅದಿದ್ದರೆ ಹೀಗೆ ಮಾಡಿ. ಬಿನ್ನಿನಲ್ಲಿರೋದನ್ನೆಲ್ಲ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ತಾರಸಿ ಮೇಲೆ ನೇರ ಬಿಸಿಲಲ್ಲಿ ಮಲಗಿಸಿ. ಪದರ ಒಂದು ಗೇಣಿನ ಅರ್ಧಕ್ಕಿಂತ ದಪ್ಪ ಇರಬಾರದು, ಇಲ್ಲದಿದ್ದರೆ ನಡುವೆ ಬಿಸಿ ಮುಟ್ಟಲ್ಲ, ಹುಳ ಅಲ್ಲಿಗೆ ಸರಿದು ಬದುಕಿಕೊಳ್ಳುತ್ತೆ. ಮಧ್ಯಾಹ್ನ ಒಂದು ಸಲ ಮಗುಚಿ. ಒಳಗಿನ ಶಾಖ 50 ಡಿಗ್ರಿ ದಾಟಿದರೆ ಮರಿ ಉಳಿಯಲ್ಲ. ಒಳ್ಳೆ ಬಿಸಿಲಿದ್ದರೆ ಎರಡು ದಿನ, ಮೋಡ ಇದ್ದರೆ ನಾಲ್ಕು. ದೊಡ್ಡ ರಾಶಿಯಲ್ಲಿ ಈ ಶಾಖ ತಾನಾಗೇ ಏಳುತ್ತೆ. 20 ಲೀಟರ್ ಬಿನ್ನಿನಲ್ಲಿ ಅದನ್ನು ನಿರೀಕ್ಷಿಸಬೇಡಿ, ಹುಟ್ಟಿದ ಬಿಸಿ ಅಂಚಿನಿಂದಲೇ ಆರಿ ಹೋಗುತ್ತೆ.

ಗುಂಗುರು ಬರೋದು ಕಿಟಕಿಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧಕ್ಕರ್ಧ ನೀವೇ ಮಾರ್ಕೆಟ್ಟಿಂದ ಚೀಲದಲ್ಲಿ ತರುತ್ತೀರಿ. ಬಾಳೆಹಣ್ಣು, ಮಾವಿನ ಸಿಪ್ಪೆ ಮೇಲೆ ಮೊಟ್ಟೆ ಇಟ್ಟಿರುತ್ತೆ. ಹಣ್ಣಿನ ಸಿಪ್ಪೆಗೆ ಕುದಿಯೋ ನೀರು ಹೊಯ್ದು ಒಂದು ನಿಮಿಷ ಬಿಟ್ಟು, ಚೆನ್ನಾಗಿ ಬಸಿದು ಆಮೇಲೆ ಬಿನ್ನಿಗೆ ಹಾಕಿ. ಫ್ರೀಜರಿನಲ್ಲಿ ಜಾಗ ಇದ್ದರೆ ಡಬ್ಬದಲ್ಲಿ ಹಾಕಿ ಒಂದು ದಿನ ಇಟ್ಟರೂ ಆಯಿತು. ಹಾಕಿದ ಮೇಲೆ ಸಿಪ್ಪೆಯ ತುದಿಯೂ ಕಾಣದ ಹಾಗೆ ಎರಡಂಗುಲ ಎಲೆ ಮುಚ್ಚಿ. ಎಷ್ಟೋ ಜನ ಕಲಸಿಬಿಟ್ಟು ಹಾಗೇ ಮುಚ್ಚಳ ಹಾಕುತ್ತಾರೆ. ಕಲಸಿದ ಮೇಲೂ ಕೊನೆಯ ಪದರ ಒಣದ್ದೇ ಆಗಬೇಕು.

ಮುಚ್ಚಳದ ಕೆಳಗೆ ಹಳೇ ಪಂಚೆಯ ತುಂಡು ಹಾಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿಯಿರಿ. ಸೊಳ್ಳೆ ಪರದೆಯ ಕಣ್ಣಿನಲ್ಲಿ ಚಿಕ್ಕ ಗುಂಗುರು ನುಸುಳುತ್ತೆ, ಬಟ್ಟೆಯಲ್ಲಿ ಆಗಲ್ಲ, ಗಾಳಿಯೂ ಆಡುತ್ತೆ. ಈಗಾಗಲೇ ಹಾರುತ್ತಿರೋದಕ್ಕೆ ಲೋಟದಲ್ಲಿ 100 ಮಿ.ಲೀ. ವಿನೆಗರ್, ಪಾತ್ರೆ ತೊಳೆಯೋ ದ್ರವ ಎರಡು ಹನಿ. ಸೋಪಿಲ್ಲದಿದ್ದರೆ ಮೇಲೆ ಕೂತು ಕುಡಿದು ಹಾರಿಹೋಗುತ್ತವೆ. ಲೋಟ ಬಿನ್ ಒಳಗೆ ಬೇಡ, ಮೂರಡಿ ದೂರ ಇಡಿ. ಎರಡು ವಾರ ಬಿಡದೆ ಮಾಡಿ. ಒಂದು ಪೀಳಿಗೆಗೆ ಎಂಟು ಹತ್ತು ದಿನ, ಹಾಗಾಗಿ ಮೂರು ದಿನಕ್ಕೆ ಕಡಿಮೆಯಾಯಿತು ಅಂತ ಬಿಟ್ಟವರಿಗೆ ಮತ್ತೆ ಶುರುವಾಗುತ್ತೆ.

ಬೇವಿನ ಹಿಂಡಿ ಕೇಳುವವರಿಗೆ: ವಾರಕ್ಕೊಂದು ಹಿಡಿ, 30-40 ಗ್ರಾಂ, ಮೇಲಿನ ಪದರಕ್ಕೆ. ಅದು ಹುಳ ಪೊರೆ ಕಳಚೋದನ್ನು ತಡೆಯುತ್ತೆ, ಹಾಕಿದ ದಿನವೇ ಸತ್ತು ಬೀಳಲ್ಲ. ಅರಿಶಿನ, ಕರ್ಪೂರಕ್ಕೆಲ್ಲ ದುಡ್ಡು ಹಾಕಬೇಡಿ.

ಕುಡ್ಲದ_ಹಿತ್ತಿಲು:

ಇಲಿಯ ವಿಷಯ ಹೇಳ್ತೇನೆ. ಮೂರನೇ ಮಹಡಿ ಅಂತ ಧೈರ್ಯ ಮಾಡ್ಬೇಡಿ ಮಾರಾಯ್ರೆ. ಮನೆ ಇಲಿಗೆ ಪೈಪು ಅಂದ್ರೆ ಮೆಟ್ಟಿಲಿದ್ದ ಹಾಗೆ. ಅರ್ಧ ಇಂಚು ಸಂದಿದ್ರೆ ಮೈ ತೂರಿಸ್ತದೆ, ಸುಂಡಿಲಿಗೆ ಕಾಲಿಂಚು ಸಾಕು.

ಅದು ಬಂದದ್ದು ಸಿಪ್ಪೆಗಲ್ಲ, ನಿಮ್ಮ ಅನ್ನ, ಸಾರಿಗೆ. ಎಣ್ಣೆ, ತೆಂಗಿನಕಾಯಿ, ಚಪಾತಿ ಇದ್ರೂ ಅದೇ ಕತೆ. ಬೇಯಿಸಿದ್ದನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ. ಜೊತೆಗೆ ಬಿನ್ನಿಗೆ ಕವಚ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚು ಕಣ್ಣಿನ ಜಿ.ಐ. ವೆಲ್ಡ್ ಮೆಶ್, ಅಂದ್ರೆ ಸತು ಲೇಪದ ಬೆಸುಗೆ ಹಾಕಿದ ತಂತಿ ಜಾಲರಿ ಕೇಳಿ. ಕೋಳಿಗೂಡಿಗೆ ಹಾಕುವ ಆರು ಮೂಲೆ ಕಣ್ಣಿನ ಜಾಲರಿ ಕೊಟ್ರೆ ತೆಕ್ಕೊಳ್ಬೇಡಿ, ಕಣ್ಣು ದೊಡ್ಡದು, ತಂತಿ ಸಪೂರ. ಮೆಶ್ಶನ್ನು ಬಿನ್ನಿನ ಅಡಿಗೂ ಸುತ್ತಲೂ ಒಂದಡಿ ಎತ್ತರಕ್ಕೂ ಸುತ್ತಿ ತಂತಿಯಲ್ಲಿ ಬಿಗಿದು, ನಲ್ಲಿಗೆ ಮಾತ್ರ ಕಿಂಡಿ ಬಿಡಿ. ಇಲಿ ಮೊದಲು ಹಲ್ಲು ಹಾಕೋದು ತಳದ ಅಂಚಿಗೆ ಮತ್ತು ತೂತಿನ ಬಾಯಿಗೆ, ಯಾಕಂದ್ರೆ ನುಣ್ಣಗಿನ ಪ್ಲಾಸ್ಟಿಕ್ ಗೋಡೆಗೆ ಹಲ್ಲು ಹಿಡಿತ ಸಿಗುವುದಿಲ್ಲ. ಮುಚ್ಚಳಕ್ಕೆ ಕೊಕ್ಕೆ ಇರುವ ರಬ್ಬರ್ ಹಗ್ಗ ಹಾಕಿ. ಮೇಲೆ ಇಟ್ಟಿಗೆ ಇಟ್ಟದ್ದು ಸಾಕಾಗುವುದಿಲ್ಲ, ಹೆಗ್ಗಣ ಆದ್ರೆ ಜಾರಿಸ್ತದೆ.

ಬಿನ್ನಿನ ಸುತ್ತ ಚೆಲ್ಲಿದ ನೀರು, ಕಸದ ಚೂರು ದಿನಾ ಒರೆಸಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸ್ಲಿಕ್ಕೆ ಹೋಗ್ಬೇಡಿ, ಬ್ಲೀಚಿಂಗ್ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಕೈಗವಸು ಹಾಕಿ ತೆಗೀರಿ. ಇಲಿಜ್ವರ ಹರಡುವುದು ಅದರ ಮೂತ್ರದಿಂದ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಅದರ ಹೆದರಿಕೆ ಹೆಚ್ಚು, ಅಲ್ಲಿಯೂ ಕೈಯಲ್ಲಿ ಗಾಯ ಇದ್ರೆ ಜಾಗ್ರತೆ.

ಮೀನಿನ ಕಸ ಇರುವವರಿಗೆ ಬಿನ್ ಬೇಡವೇ ಬೇಡ. ತೆಂಗಿನ ಬುಡದಿಂದ ಐದಾರು ಅಡಿ ದೂರ, ಒಂದೂವರೆ ಅಡಿ ಆಳದ ಗುಂಡಿ, ಮೇಲೆ ಒಂದಡಿ ಮಣ್ಣು, ಅದರ ಮೇಲೆ ಮೆಶ್ ತುಂಡು, ನಾಲ್ಕು ಕಲ್ಲು. ಮಣ್ಣು ಕಡಿಮೆಯಾದ್ರೆ ರಾತ್ರಿ ನಾಯಿ ಕೆದಕಿ ಅಂಗಳ ತುಂಬ ಹರಡ್ತದೆ.

ಮೂರನೇ_ಮಹಡಿ:

ಎಲ್ಲರಿಗೂ ಧನ್ಯವಾದ. ಹುಳ ಕಾಗದದ ಮೇಲೆ ಹಾಕಿ ನೋಡಿದೆ, ಬಿಳಿಯವು ದಾರದಂಥವೇ, ಚೂಪು ತುದಿ ಇಲ್ಲ. ಇನ್ನು ನಾಲ್ಕು ಪ್ರಶ್ನೆ. ಈಗ ತುಂಬಿರೋ ಒದ್ದೆ ಬಿನ್ನನ್ನು ಏನು ಮಾಡೋದು? ಅಪಾರ್ಟ್‌ಮೆಂಟಿನಲ್ಲಿ ಒಣ ಎಲೆ ಎಲ್ಲಿಂದ ತರೋದು? ಮಿಕ್ಕ ಅನ್ನಕ್ಕೆ ಬೇರೆ ದಾರಿ ಏನು? ಇರುವೆಯೂ ಶುರುವಾಗಿದೆ, ಬಿನ್ ಕೆಳಗೆ ತಟ್ಟೆಯಲ್ಲಿ ನೀರು ಇಡಬಹುದಾ?

ಎಲೆಗೊಬ್ಬರ:

ಹಾಗಾದರೆ ಬಿಸಿಲಿನ ಚೀಲ ಬೇಡ, ಬರೀ ಒಣಗಿಸಿದರೆ ಸಾಕು. ಟಾರ್ಪಾಲಿನ್ ಹಾಸಿ ಬಿನ್ ಪೂರ್ತಿ ಸುರೀರಿ. ತಳದಲ್ಲಿ ಕಪ್ಪು ಜಿಡ್ಡಿನಂಥ ಪದರ ಕೂತಿರುತ್ತೆ, ಮೊಟ್ಟೆ ವಾಸನೆ ಅಲ್ಲಿಂದಲೇ. ಗಾಳಿ ಸಿಗದ ಕಡೆ ಬೇರೆ ಜಾತಿ ಸೂಕ್ಷ್ಮಜೀವಿಗಳು ಸೇರಿಕೊಂಡು ಹೊರಡಿಸುವ ಅನಿಲ ಅದು. ಗಂಟುಗಳನ್ನು ಒಡೆದು, ಅದರಷ್ಟೇ ಗಾತ್ರದ ಒಣ ಎಲೆ ಸೇರಿಸಿ ಕಲಸಿ, ನೆರಳಲ್ಲಿ ಎರಡು ಗಂಟೆ ಹರಡಿಡಿ. ಒಂದು ಮುಷ್ಟಿ ತೆಗೆದು ಜೋರಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಬೇಕು, ತೊಟ್ಟಿಕ್ಕಬಾರದು. ಕೈ ಬಿಟ್ಟರೆ ಉಂಡೆ ನಿಲ್ಲಬೇಕು, ತಟ್ಟಿದರೆ ಉದುರಬೇಕು. ರಾಗಿಮುದ್ದೆ ಥರ ಗಟ್ಟಿ ಕೂತರೆ ಇನ್ನೂ ಎಲೆ ಬೇಕು.

ವಾಪಸ್ ತುಂಬುವ ಮೊದಲು ಖಾಲಿ ಬಿನ್ನಿನ ನಲ್ಲಿ ತೂತಿಗೆ ಕಡ್ಡಿ ಹಾಕಿ ನೋಡಿ, ಮುಕ್ಕಾಲು ಪಾಲು ಬಿನ್ನುಗಳಲ್ಲಿ ಅದು ಕಟ್ಟಿರುತ್ತೆ. ತಳಕ್ಕೆ ಎರಡಂಗುಲ ತೆಂಗಿನ ಸಿಪ್ಪೆಯ ತುಂಡು ಅಥವಾ ಹೆಂಚಿನ ಚೂರು. ಮೇಲಂಚಿನ ಒಂದು ಸಾಲು ತೂತು ಸಾಲದು. 8 ಮಿ.ಮೀ. ಬಿಟ್‌ನಿಂದ ಎರಡಂಗುಲಕ್ಕೊಂದರಂತೆ ಮೇಲಿನಿಂದ ಕೆಳಗಿನ ಮೂರನೇ ಒಂದು ಭಾಗದವರೆಗೂ ಕೊರೆಯಿರಿ, ಹೊರಗಿನಿಂದ ಬಟ್ಟೆ ಸುತ್ತಿ. ಮೂರು ದಿನಕ್ಕೊಮ್ಮೆ ಎರಡಡಿ ಕಬ್ಬಿಣದ ಸರಳಿನಿಂದ ತಳದವರೆಗೆ ಚುಚ್ಚಿ ಎತ್ತಿ. ಬರೀ ಮೇಲ್ಮೈ ಕೆದಕಿದರೆ ಪ್ರಯೋಜನ ಇಲ್ಲ.

ಎಲೆಗೆ ಬೆಂಗಳೂರಲ್ಲಿ ಬರ ಇಲ್ಲ, ಕಾಲ ತಿಳಿದಿರಬೇಕು ಅಷ್ಟೆ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಮಳೆಮರ ಉದುರುತ್ತವೆ. ಮಳೆಮರದ ಎಲೆ ಚಿಕ್ಕದು, ಪುಡಿ ಮಾಡುವ ಕೆಲಸವೇ ಇಲ್ಲ. ಬೀದಿ ಗುಡಿಸುವವರನ್ನು ಕೇಳಿದರೆ ಚೀಲ ತುಂಬಿಸಿ ಕೊಡುತ್ತಾರೆ, ಅವರಿಗೂ ಹೊರುವ ಭಾರ ಕಡಿಮೆ. ಮಾವು, ಹಲಸಿನ ಎಲೆ ತೊಗಲಿನ ಹಾಗೆ, ಹರಿದು ಹಾಕದಿದ್ದರೆ ಆರು ತಿಂಗಳಾದರೂ ಹಾಗೇ ಇರುತ್ತೆ. ದಿನಕ್ಕೆ 2 ಲೀಟರ್ ಅಂದರೆ ವರ್ಷಕ್ಕೆ 700 ಲೀಟರ್ ಚಿಲ್ಲರೆ. ತುಳಿದು ಪುಡಿ ಮಾಡಿ ತುಂಬಿದರೆ ದೊಡ್ಡ ಅಕ್ಕಿ ಚೀಲ ಏಳೆಂಟು. ಜೂನ್ ಮಳೆಗೆ ಮುಂಚೆ ಅಷ್ಟು ಕೂಡಿಟ್ಟರೆ ಮಳೆಗಾಲ ದಾಟುತ್ತೆ. ಎಲೆ ಮುಗಿದರೆ ಮರದ ಮಿಲ್ಲಿನ ಹೊಟ್ಟು ಆಗುತ್ತೆ, ಆದರೆ ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತೆ. ದಿನಸಿ ಅಂಗಡಿಯ ರಟ್ಟಿನ ಡಬ್ಬ ಹರಿದು ಹಾಕುವವರು ಅದರ ಅಲೆಅಲೆ ಪದರದೊಳಗೆ ಜಿರಳೆ ಮೊಟ್ಟೆಕೋಶ ಇದೆಯಾ ಅಂತ ಬಿಡಿಸಿ ನೋಡಿ. ಜಿರಳೆ ಮನೆಗೆ ಬರುವ ದಾರಿಗಳಲ್ಲಿ ಅದೂ ಒಂದು.

ಇರುವೆ ಬಂದಿದೆ ಅಂದರೆ ಒಂದು ಬಿನ್ನಿನಲ್ಲಿ ಯಾವುದೋ ಮೂಲೆ ಪೂರ್ತಿ ಒಣಗಿದೆ. ಅಲ್ಲಿಗೆ ನೀರು ಚಿಮುಕಿಸಿ ಕೆದಕಿ, ಗೂಡು ಕಟ್ಟಲ್ಲ. ತಟ್ಟೆ ನೀರು ಇಡಬಹುದು, ಆದರೆ ಒಂದು ಚಮಚ ಸೋಪಿನ ನೀರು ಸೇರಿಸಿ, ವಾರಕ್ಕೆರಡು ಸಲ ಚೆಲ್ಲಿ ತಟ್ಟೆಯ ಅಂಚು ಉಜ್ಜಿ. ಬರೀ ನೀರಾದರೆ ಡೆಂಗ್ಯೂ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಬಿನ್ನಿನ ಕಾಲುಗಳಿಗೆ ಹರಳೆಣ್ಣೆ ಸವರಿದರೂ ಕೆಲಸ ಆಗುತ್ತೆ.

ಹಸಿರು_ಬಕೆಟ್:

ಅನ್ನಕ್ಕೆ ಎರಡು ದಾರಿ. ಸುಲಭದ್ದು ಪಾಲಿಕೆಯ ಗಾಡಿ. 2015ರ ಡಿಸೆಂಬರ್‌ನ ಹೈಕೋರ್ಟ್ ಆದೇಶದ ನಂತರ ಬೆಂಗಳೂರಲ್ಲಿ ಎರಡು ಬಕೆಟ್ ಒಂದು ಚೀಲ ಪದ್ಧತಿ ಬಂತಲ್ಲ (ಹಸಿ ಕಸಕ್ಕೆ ಹಸಿರು ಬಕೆಟ್, ಡಯಾಪರ್ ಥರದ ಕಸಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ), ಹಸಿರು ಬಕೆಟ್ಟಿಗೆ ಬೇಯಿಸಿದ್ದು, ಮೂಳೆ ಎಲ್ಲ ಹೋಗುತ್ತೆ. ಸಿಪ್ಪೆ ಮನೆಯಲ್ಲಿ, ಮುಸುರೆ ಗಾಡಿಗೆ. ಇದರಲ್ಲಿ ನಾಚಿಕೆ ಏನಿಲ್ಲ, ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಅಂತ ಹಟ ಹಿಡಿದವರೇ ಮೂರು ತಿಂಗಳಿಗೆ ಬಿನ್ ಮೂಲೆಗೆ ತಳ್ಳೋದು.

ಬಕೆಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಬಾರದು, ಹಾಗಾಗಿ ತಳಕ್ಕೆ ನ್ಯೂಸ್‌ಪೇಪರ್ ನಾಲ್ಕು ಮಡಿಕೆ. ಸಾರನ್ನು ಮೊದಲು ಸೋಸಿ ಸಿಂಕಿಗೆ ಬಿಡಿ, ಗಟ್ಟಿ ಮಾತ್ರ ಬಕೆಟ್ಟಿಗೆ. ಒಂದು ರಾತ್ರಿಗಿಂತ ಜಾಸ್ತಿ ಇಡಬೇಕಾದರೆ ಮೇಲೊಂದು ಹಿಡಿ ಒಣ ಕೊಕೊಪೀಟ್. ಗಾಡಿ ಬರದ ದಿನ ಬಕೆಟ್ಟನ್ನು ಮೆಟ್ಟಿಲ ಹತ್ತಿರ ಇಟ್ಟು ಬಂದರೆ ಇಲಿಗೆ ಅಲ್ಲೇ ಊಟ. ಮುಚ್ಚಳಕ್ಕೆ ಹಿಡಿ ಬಿಗಿಯುವ ಲಾಕ್ ಇರುವ ಬಕೆಟ್ ತಗೊಳ್ಳಿ. ಖಾಲಿಯಾದ ಮೇಲೆ ಬರೀ ನೀರಲ್ಲಿ ಅಲುಗಿಸಿ ಇಡಬೇಡಿ. ಮುಚ್ಚಳದ ಒಳಗಡೆ ಸುತ್ತಲೂ ಒಂದು ತೋಡು ಇರುತ್ತೆ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ಉಜ್ಜಿ ಬೋರಲು ಹಾಕಿ ಒಣಗಿಸಿ. ನೊಣ ಮೊಟ್ಟೆ ಇಡೋದು ಆ ತೋಡಿನಲ್ಲೇ.

ಎರಡನೇ ದಾರಿ ಬೊಕಾಶಿ, ಅಂದರೆ ಕಸವನ್ನು ಮುಚ್ಚಿದ ಬಕೆಟ್ಟಿನಲ್ಲಿ ಹುಳಿಸುವ ವಿಧಾನ. ನಲ್ಲಿ ಇರುವ, ಗಾಳಿ ಒಂದಿಷ್ಟೂ ಆಡದ ಬಕೆಟ್ ಬೇಕು. ಕಾಂಪೋಸ್ಟ್ ಬಿನ್ನಿಗೆ ಪೂರ್ತಿ ತದ್ವಿರುದ್ಧ ಇದು, ಒಂದಕ್ಕೆ ಕೊರೆದ ತೂತು ಇನ್ನೊಂದಕ್ಕೆ ವಿಷ. ಅನ್ನ, ಚಪಾತಿ ಒಂದಂಗುಲ ಹಾಕಿ, ಸೂಕ್ಷ್ಮಜೀವಿ ಬೆರೆಸಿದ ಗೋಧಿ ಬೂಸಾ ಒಂದು ಹಿಡಿ ಉದುರಿಸಿ, ತಟ್ಟೆಯಿಂದ ಒತ್ತಿ ಗಾಳಿ ತೆಗೆದು ಮುಚ್ಚಿ. ಎರಡು ದಿನಕ್ಕೊಮ್ಮೆ ನೀರು ಬಸಿಯಿರಿ. ತುಂಬಿದ ಮೇಲೆ 14 ದಿನ ಮುಟ್ಟಬೇಡಿ. ತೆರೆದಾಗ ಉಪ್ಪಿನಕಾಯಿ ಥರ ಹುಳಿ ವಾಸನೆ ಬರಬೇಕು. ಹಸಿರು, ಕಪ್ಪು ಬೂಷ್ಟು ಬಂದಿದ್ದರೆ ಗಾಳಿ ನುಗ್ಗಿದೆ ಅಂತ ಅರ್ಥ. ಹುಳಿತದ್ದನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಡುತ್ತೆ. ಮಣ್ಣಿನ ಜೊತೆ ಬೆರೆಸಿ ಮೂರು ವಾರ ಬಿಟ್ಟು ಬಳಸಿ. ಬಸಿದ ನೀರು ಲೀಟರಿಗೆ 10 ಮಿ.ಲೀ. ದಾಟಬಾರದು.

ಮೂರನೇ_ಮಹಡಿ:

ಹೇಳಿದ ಹಾಗೆ ಬಿನ್ ಕಲಸಿ, ತೂತು ಕೊರೆದು, ಮೆಶ್ ಸುತ್ತಿ ಹನ್ನೆರಡು ದಿನ ಆಯಿತು. ವಾಸನೆ ಇಲ್ಲ, ಗುಂಗುರು ಐದಾರು ಮಾತ್ರ. ಆದರೆ ಮೇಲೆಲ್ಲ ಬೂದಿ ಚೆಲ್ಲಿದ ಹಾಗೆ ಬಿಳಿ ಬೂಷ್ಟು. ತೆಗೆದು ಬಿಸಾಕಬೇಕಾ?

ಎಲೆಗೊಬ್ಬರ:

ಬೇಡ, ಅದು ಎಲೆಯ ಗಟ್ಟಿ ನಾರನ್ನು ತಿನ್ನೋ ಬೂಷ್ಟು, ಹದ ಸರಿ ಇದ್ದಾಗಲೇ ಬರೋದು. ಕಲಸಿಬಿಡಿ, ಒಳಗೆ ಹೋಗಿ ಕೆಲಸ ಮಾಡುತ್ತೆ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರು ಹತ್ತಿರ ಬೇಡ. ಬೂಷ್ಟು ಪುಡಿಪುಡಿಯಾಗಿ ಹಾರುತ್ತಿದ್ದರೆ ಮಾತ್ರ ಒಣಗಿದೆ ಅಂತ ಅರ್ಥ, ಆಗ ಅರ್ಧ ಲೋಟ ನೀರು ಚಿಮುಕಿಸಿ. ಡ್ರಮ್ಮಿಗೆ ಸುರಿಯುವ ದಿನ ಮಾವಿನ ವಾಟೆ, ತೆಂಗಿನ ಚಿಪ್ಪು ಏನಾದರೂ ಸಿಕ್ಕರೆ ಆರಿಸಿ ತೆಗೆಯಿರಿ. ಅವು ಈ ವರ್ಷ ಕರಗಲ್ಲ.